ಅಡಿಕೆ ತೋಟಕ್ಕೆ ಬೇಟೆಯ ರೇಂಜ್‌ಫೈಂಡರ್: ಕಡಿಮೆ ಬೆಲೆಯಲ್ಲಿ ಯಾವುದು, ಯಾಕೆ?

ಪ್ರಶ್ನೆ: ಕಾರ್ಕಳ ತಾಲೂಕಿನಲ್ಲಿ ನಮ್ಮದು ಎರಡೂವರೆ ಎಕರೆ ಅಡಿಕೆ ತೋಟ. ಒಂದು ಬದಿ ಗುಡ್ಡೆ, ಇನ್ನೊಂದು ಬದಿ ತೋಡು. ಹಂದಿ, ಮಂಗಗಳ ಕಾಟ ಉಂಟು. ಬೆಳೆ ಕಾಯಲು ಪರವಾನಗಿ ಇರುವ ಕೋವಿಯೂ ಉಂಟು. ಮುಂದಿನ ತಿಂಗಳು ಭಾವ ದುಬೈಯಿಂದ ಬರುವವರಿದ್ದಾರೆ. ಅವರಲ್ಲಿ ಹೇಳಿ ಬೇಟೆಗಾರರು ಬಳಸುವ ಲೇಸರ್ ರೇಂಜ್‌ಫೈಂಡರ್ ಒಂದನ್ನು ತರಿಸೋಣವೆಂದಿದ್ದೇನೆ. ಹಂದಿ ಎಷ್ಟು ದೂರದಲ್ಲಿದೆ ಎಂದು ನೋಡುವುದರ ಜೊತೆಗೆ, ಮರದ ಎತ್ತರ ಅಳೆದು, ನೆಲದಿಂದಲೇ ಗೊನೆ ಕೊಯ್ಯಲು, ಮದ್ದು ಬಿಡಲು ಎಷ್ಟು ಅಡಿಯ ಕಾರ್ಬನ್ ಫೈಬರ್ ದೋಟಿ ಬೇಕೆಂದು ತಿಳಿಯಬೇಕು, ಸೋಲಾರ್ ಬೇಲಿಗೆ ತಂತಿಯ ಲೆಕ್ಕವನ್ನೂ ಹಾಕಬೇಕು. 12,000 ರೂಪಾಯಿಯೊಳಗೆ ಆಗಬೇಕು. 600 ಗಜದ್ದು, 1000 ಗಜದ್ದು, 1500 ಗಜದ್ದು ಅಂತ ಇದೆ. ಯಾವುದನ್ನು ತೆಗೆದುಕೊಳ್ಳಲಿ? ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಲೇಸರ್ ಟೇಪು ಸಾಲದೇ?

ಉತ್ತರ: ನಿಮ್ಮ ತೋಟಕ್ಕೆ 600 ಗಜದ್ದು ಧಾರಾಳ ಸಾಕು. ಗಜದ ಸಂಖ್ಯೆ ಏರಿದ ಹಾಗೆ ಏರುವ ದುಡ್ಡನ್ನು ಅಲ್ಲಿ ಸುರಿಯಬೇಡಿ. ಎಲೆಗಳ ಸಂದಿಯಿಂದ ಹಿಂದಿರುವುದನ್ನು ಅಳೆಯುವ ಮೋಡ್, ಕೋನ ಮತ್ತು ಎತ್ತರದ ಲೆಕ್ಕ, ಮುಸ್ಸಂಜೆಯಲ್ಲೂ ಓದಬಹುದಾದ ಅಂಕಿ, ನೀರು ತಡೆಯುವ ಮೈ, ಇಷ್ಟಿದ್ದರೆ ಅದು ನಿಮಗೆ ಆಗುವ ಯಂತ್ರ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಇವು ಯಾವುವೂ ಇರುವುದಿಲ್ಲ, ಒಳಗಿನ ಕೈಪಿಡಿಯಲ್ಲಿ ಹುಡುಕಬೇಕು.

ಮೊದಲು ಕೋವಿಯ ವಿಷಯ ಮುಗಿಸಿಬಿಡೋಣ. ನಿಮ್ಮ ಪರವಾನಗಿ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ಇಟ್ಟುಕೊಳ್ಳಲು ಕೊಟ್ಟದ್ದು. ಪ್ರಾಣಿಗೆ ಹೊಡೆಯಬಹುದೇ ಎಂದು ಹೇಳುವುದು ಬೇರೆಯೇ ಕಾಯ್ದೆ. 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ 9ನೇ ಕಲಂ ಬೇಟೆಯನ್ನು ನಿಷೇಧಿಸುತ್ತದೆ. ಕೊಲ್ಲುವುದಷ್ಟೇ ಅಲ್ಲ, ಉರುಳು ಹಾಕುವುದು, ವಿಷ ಇಡುವುದು, ಅವುಗಳಿಗೆ ಪ್ರಯತ್ನ ಮಾಡುವುದೂ ಅಲ್ಲಿ ಬೇಟೆಯೇ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಕಾಡುಹಂದಿ ಈಗ ಎರಡನೇ ಅನುಸೂಚಿಯಲ್ಲಿದೆ. ಬೆಳೆ ಹಾಳು ಮಾಡುವ ಹಂದಿಯ ಬಗ್ಗೆ 11ನೇ ಕಲಂ ಪ್ರಕಾರ ಲಿಖಿತ ಅನುಮತಿ ಕೊಡುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಗೆ ಮಾತ್ರ ಇದೆ. ಆ ಕಾಗದ ಕೈಯಲ್ಲಿ ಇಲ್ಲದೆ ಹಂದಿಗೆ ಗುರಿ ಇಡುವುದಕ್ಕೆ ಯಾವ ಯಂತ್ರವನ್ನೂ ಕೊಳ್ಳಬೇಡಿ. ಇನ್ನೊಂದು ಸಂಗತಿಯೂ ಉಂಟು: ಹಂದಿ ಬರುವುದು ರಾತ್ರಿ. ಈ ಬೆಲೆಯ ರೇಂಜ್‌ಫೈಂಡರ್ ಒಳಗೆ ಇರುವುದು ಸಾಧಾರಣ ದುರ್ಬೀನು, ಕತ್ತಲಲ್ಲಿ ಕಾಣುವ ಕ್ಯಾಮೆರಾ ಅಲ್ಲ. ಗುರಿಯೇ ಕಾಣದ ಕಡೆ ಲೇಸರ್ ಇದ್ದು ಏನು ಪ್ರಯೋಜನ? ಹಾಗಾಗಿ ಹಂದಿಯ ಬಾಬತ್ತು ಬೇಲಿಗೆ ಬಿಟ್ಟು, ಉಳಿದ ಎರಡು ಕೆಲಸ ನೋಡೋಣ.

ಹಾಗಾದರೆ ಬೇಟೆಯ ಯಂತ್ರವೇ ಯಾಕೆ? ಕಡಿಮೆ ಬೆಲೆಯ ರೇಂಜ್‌ಫೈಂಡರುಗಳು ಬರುವುದು ಮುಖ್ಯವಾಗಿ ಎರಡು ಬಗೆ, ಗಾಲ್ಫಿನದ್ದು ಮತ್ತು ಬೇಟೆಯದ್ದು. ಗಾಲ್ಫ್ ಮೈದಾನದಲ್ಲಿ ಬಾವುಟದ ಕೋಲು ಮುಂದೆ ಇರುತ್ತದೆ, ಮರಗಳು ಹಿಂದೆ. ಆದ್ದರಿಂದ ಆ ಯಂತ್ರ ಹಲವು ಪ್ರತಿಫಲನ ಬಂದಾಗ ಹತ್ತಿರದ್ದನ್ನು ಹಿಡಿಯುತ್ತದೆ. ಅಮೆರಿಕದ ಬೇಟೆಗಾರನಿಗೆ ಇದು ತಿರುಗುಮುರುಗು: ಪೊದೆ ಮುಂದೆ, ಜಿಂಕೆ ಹಿಂದೆ. ಹಾಗಾಗಿ ಬೇಟೆಯ ಯಂತ್ರದಲ್ಲಿ ದೂರದ ಪ್ರತಿಫಲನಕ್ಕೆ ಆದ್ಯತೆ ಕೊಡುವ ಮೋಡ್ ಇರುತ್ತದೆ. ನಿಮ್ಮ ತೋಟದಲ್ಲಿ ಯಾವ ಕಡೆ ತಿರುಗಿದರೂ ಸೋಗೆ, ಕಾಳುಮೆಣಸಿನ ಬಳ್ಳಿ, ಬಾಳೆ ಎಲೆ. ಗಾಲ್ಫಿನ ಯಂತ್ರ ಹಿಡಿದರೆ ಆಚೆ ಬದಿಯ ಬೇಲಿಯ ಬದಲು ಆರು ಮೀಟರ್ ಮುಂದಿನ ಬಾಳೆ ಎಲೆಯ ದೂರವನ್ನು ಹೇಳುತ್ತದೆ, ಅದೂ ಪೂರ್ಣ ವಿಶ್ವಾಸದಿಂದ.

ಈ ಮೋಡಿಗೆ ಒಂದೊಂದು ಕಂಪೆನಿಯಲ್ಲಿ ಒಂದೊಂದು ಹೆಸರು. ಬುಶ್ನೆಲ್‌ನಲ್ಲಿ ‘ಬ್ರಷ್’ ಎಂದಿದ್ದರೆ ದೂರದ್ದು, ‘ಬುಲ್ಸ್‌ಐ’ ಎಂದಿದ್ದರೆ ಹತ್ತಿರದ್ದು. ನಿಕಾನ್‌ನಲ್ಲಿ ‘ಡಿಸ್ಟೆಂಟ್ ಟಾರ್ಗೆಟ್ ಪ್ರಯಾರಿಟಿ’. ಚೀನಾದಿಂದ ಬರುವ ಅಗ್ಗದವುಗಳಲ್ಲಿ ಕೆಲವಕ್ಕೆ ಇದು ಇಲ್ಲವೇ ಇಲ್ಲ. ‘ಹಂಟಿಂಗ್ ಮೋಡ್’ ಎಂದು ಬರೆದದ್ದನ್ನು ಒತ್ತಿದರೂ ಕೋನದ ಲೆಕ್ಕ ಮಾತ್ರ ಬದಲಾಗುತ್ತದೆ. ಕೈಪಿಡಿಯನ್ನು ಕಂಪೆನಿಯ ತಾಣದಿಂದ ಇಳಿಸಿ ಓದಿ. ಎರಡು ವಸ್ತುಗಳು ಸಾಲಿನಲ್ಲಿದ್ದಾಗ ಯಾವುದನ್ನು ತೋರಿಸುತ್ತದೆ ಎಂಬ ಮಾತು ಅದರಲ್ಲಿ ಇಲ್ಲದಿದ್ದರೆ ಆ ಯಂತ್ರವನ್ನು ಬಿಟ್ಟುಬಿಡಿ.

ಗಜದ ಸಂಖ್ಯೆ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಒಳಗಿನ ಕೆಲಸ ಸ್ವಲ್ಪ ಗೊತ್ತಿರಬೇಕು. ಗುಂಡಿ ಒತ್ತಿದಾಗ 905 ನ್ಯಾನೋಮೀಟರ್ ತರಂಗದ, ಕಣ್ಣಿಗೆ ಕಾಣದ ಅತಿಗೆಂಪು ಬೆಳಕಿನ ಸಣ್ಣ ಸಣ್ಣ ಮಿಡಿತಗಳು ಹೊರಡುತ್ತವೆ. ಬಡಿದು ಹಿಂದಿರುಗಲು ತೆಗೆದುಕೊಂಡ ಸಮಯದಿಂದ ದೂರದ ಲೆಕ್ಕ. ಬೆಳಕು ಒಂದು ಮೀಟರ್ ದೂರಕ್ಕೆ ಹೋಗಿ ಬರಲು ಸುಮಾರು 6.7 ನ್ಯಾನೋಸೆಕೆಂಡ್ ಬೇಕು. ಅಷ್ಟು ಸೂಕ್ಷ್ಮ ಸಮಯವನ್ನು ಅಗ್ಗದ ಸರ್ಕ್ಯೂಟಿನಲ್ಲಿ ಅಳೆಯುವುದರಿಂದಲೇ ತಪ್ಪು ಒಂದು ಮೀಟರ್ ಆಚೀಚೆ ಬರುವುದು. ಪರದೆಯಲ್ಲಿ 47.3 ಎಂದು ದಶಾಂಶ ತೋರಿಸಿತು ಎಂದ ಕೂಡಲೇ ಅದು 47.3 ಆಗಬೇಕೆಂದಿಲ್ಲ. ಕೈಪಿಡಿಯಲ್ಲಿ ±1 ಮೀಟರ್ ಎಂದಿದ್ದರೆ ಆ ‘.3’ ಬರೀ ಅಲಂಕಾರ.

ಇನ್ನು ಎಷ್ಟು ದೂರ ಅಳೆಯಬಹುದು ಎಂಬುದನ್ನು ನಿರ್ಧರಿಸುವುದು ಎದುರಿನ ವಸ್ತು ಎಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ ಎಂಬುದು. ಪೆಟ್ಟಿಗೆಯ ಸಂಖ್ಯೆ ಹೆದ್ದಾರಿಯ ಹೊಳೆಯುವ ಫಲಕದಂಥ ದೊಡ್ಡ, ಪ್ರತಿಫಲಿಸುವ ಗುರಿಗೆ ಬಂದದ್ದು. ‘1000 ಗಜ’ದ ಯಂತ್ರದ ಕೈಪಿಡಿಯಲ್ಲೇ ಮರಕ್ಕೆ 600ರ ಆಸುಪಾಸು, ಜಿಂಕೆಗೆ 400-500 ಎಂದು ಸಣ್ಣ ಅಕ್ಷರದಲ್ಲಿ ಇರುವುದು ಸಾಮಾನ್ಯ. ಬಿಸಿಲು ಜೋರಿದ್ದರೆ ಇನ್ನೂ ಇಳಿಯುತ್ತದೆ, ಏಕೆಂದರೆ ಸೂರ್ಯನ ಬೆಳಕಿನಲ್ಲೂ ಅದೇ ಅತಿಗೆಂಪು ಇದ್ದು ಸೆನ್ಸರಿಗೆ ಗಲಾಟೆ ಆಗುತ್ತದೆ. ಮೋಡ ಮುಚ್ಚಿದ ದಿನ, ಸಾಯಂಕಾಲ ಐದರ ಮೇಲೆ ಅದೇ ಯಂತ್ರ ಹೆಚ್ಚು ದೂರ ಓದುತ್ತದೆ. ಒದ್ದೆಯಾದ ಕಪ್ಪು ಕಾಂಡ, ಹೊಲದಲ್ಲಿ ನಿಂತ ನೀರು ಇವೆರಡೂ ಕೆಟ್ಟ ಗುರಿಗಳು; ನೀರಿಗೆ ಓರೆಯಾಗಿ ಬಿದ್ದ ಬೆಳಕು ಮುಂದಕ್ಕೇ ಹೋಗಿಬಿಡುತ್ತದೆ, ಪರದೆಯಲ್ಲಿ ಬರೀ ಗೆರೆಗಳು ಉಳಿಯುತ್ತವೆ.

ಈಗ ನಿಮ್ಮ ತೋಟದ ಲೆಕ್ಕ. ಎರಡೂವರೆ ಎಕರೆ ಎಂದರೆ ಸುಮಾರು 10,100 ಚದರ ಮೀಟರ್. ಚೌಕವಾಗಿದ್ದರೆ ಬದಿಗೆ 100 ಮೀಟರ್, ಮೂಲೆಯಿಂದ ಮೂಲೆಗೆ 142. ಉದ್ದನೆಯ ಜಾಗ ಎಂದಿಟ್ಟುಕೊಂಡರೂ 250 ಮೀಟರ್ ದಾಟುವುದು ಅಪರೂಪ. 600 ಗಜ ಎಂದರೆ 549 ಮೀಟರ್. ಮರ, ಮಣ್ಣಿನ ಗುರಿಗೆ ಅದರ ಅರ್ಧ ಸಿಕ್ಕಿದರೂ ಬೇಕಾದಷ್ಟಾಯಿತು. ಗುಡ್ಡೆಯ ತುದಿಯಿಂದ ಆಚೆ ಊರಿನ ದೇವಸ್ಥಾನದ ಗೋಪುರಕ್ಕೆ ದೂರ ನೋಡುವ ಚಪಲ ಇದ್ದರೆ ಮಾತ್ರ 1500 ಗಜದ್ದು.

ಬದಲಿಗೆ ಕನಿಷ್ಠ ದೂರವನ್ನು ಗಮನಿಸಿ. ಕೆಲವು ಯಂತ್ರ 3-5 ಮೀಟರಿನಿಂದ ಓದುತ್ತವೆ, ಕೆಲವಕ್ಕೆ 8-10 ಮೀಟರ್ ಬೇಕು. ಮರಗಳ ನಡುವೆ 2.7 ಮೀಟರ್ ಅಂತರ ಇರುವ ಅಡಿಕೆ ತೋಟದಲ್ಲಿ ಇದು ಸಣ್ಣ ಸಂಗತಿಯಲ್ಲ.

ಕಿರಣದ ಅಗಲವನ್ನೂ ನೋಡಬೇಕು. ಲೇಸರ್ ಎಂದರೆ ಸೂಜಿಯ ಹಾಗೆ ನೇರ ಹೋಗುತ್ತದೆ ಎಂಬ ಭಾವನೆ ಇದೆ. ನಿಜವಾಗಿ ಅದು ಹರಡುತ್ತಾ ಹೋಗುತ್ತದೆ. ಹರಡುವಿಕೆ 1 ಮಿಲಿರೇಡಿಯನ್ ಇದ್ದರೆ 100 ಮೀಟರಿನಲ್ಲಿ ಕಿರಣ 10 ಸೆಂ.ಮೀ. ಅಗಲ. ಈ ಬೆಲೆಯ ಯಂತ್ರಗಳಲ್ಲಿ ಒಂದು ದಿಕ್ಕಿಗೆ ಮೂರು-ನಾಲ್ಕು ಮಿಲಿರೇಡಿಯನ್ ಇರುವುದೂ ಉಂಟು, ಅಂದರೆ 100 ಮೀಟರಿನಲ್ಲಿ ಮೊಳಕ್ಕೆ ಹತ್ತಿರ ಅಗಲದ ಪಟ್ಟಿ. ಒಂದು ಅಡಿಕೆ ಮರದ ಕಾಂಡ ಅಷ್ಟು ದಪ್ಪ ಇರುವುದಿಲ್ಲ. ಅರ್ಧ ಬೆಳಕು ಪಕ್ಕಕ್ಕೆ ಜಾರಿ ಹಿಂದಿನ ಮರಕ್ಕೆ ಬಡಿಯುತ್ತದೆ. ಆಗ ಒಂದು ಸಲ 62, ಮರುಸಲ 71 ಎಂದು ಕುಣಿಯುವುದಕ್ಕೆ ಯಂತ್ರ ಕೆಟ್ಟದ್ದು ಕಾರಣವಲ್ಲ. ಕಂಬಕ್ಕೋ ಮರಕ್ಕೋ ಕೈ ಒರಗಿಸಿ ಐದು ಸಲ ಒತ್ತಿ, ಹೆಚ್ಚು ಸಲ ಬಂದ ಸಂಖ್ಯೆಯನ್ನು ಬರೆದುಕೊಳ್ಳಿ. ಬೇಲಿಯ ಮೂಲೆ ಅಳೆಯುವಾಗ ಅಲ್ಲಿ ಒಬ್ಬರನ್ನು ನಿಲ್ಲಿಸಿ ಬಿಳಿ ಥರ್ಮಕೋಲ್ ಹಲಗೆಯನ್ನೋ ಬಿಳಿ ಬಣ್ಣದ ಗೊಬ್ಬರದ ಚೀಲವನ್ನೋ ಬಿಡಿಸಿ ಹಿಡಿಸಿದರೆ ಈ ತಕರಾರು ಅಲ್ಲೇ ಮುಗಿಯುತ್ತದೆ.

ಹಾರ್ಡ್‌ವೇರ್ ಅಂಗಡಿಯ ಲೇಸರ್ ಟೇಪಿನ ಬಗ್ಗೆ ಕೇಳಿದ್ದೀರಿ. ಅದು ಬೇರೆ ಜಾತಿ. ಕಾಣುವ ಕೆಂಪು ಬೆಳಕು, 40-50 ಮೀಟರ್ ವ್ಯಾಪ್ತಿ, ತಪ್ಪು ಎರಡು ಮಿಲಿಮೀಟರ್ ಆಸುಪಾಸು. ಮನೆಯೊಳಗೆ ಅದಕ್ಕೆ ಸಾಟಿ ಇಲ್ಲ. ಆದರೆ ಹಗಲು ಬಯಲಿನಲ್ಲಿ ಹತ್ತು-ಹದಿನೈದು ಮೀಟರ್ ದಾಟಿದ ಮೇಲೆ ಕೆಂಪು ಚುಕ್ಕೆ ಎಲ್ಲಿ ಬಿದ್ದಿದೆ ಎಂದು ಕಣ್ಣಿಗೆ ಕಾಣದು, ಗುರಿ ಹಿಡಿಯಲು ದುರ್ಬೀನೂ ಇಲ್ಲ. ಸೂರ್ಯ ಮುಳುಗಿದ ಮೇಲೆ ಹೋಗಿ ಅಳೆಯುವುದಾದರೆ, ಮತ್ತು ಕೋನದ ಸೆನ್ಸರ್ ಇರುವ ಮಾದರಿಯಾದರೆ, ಮರದ ಎತ್ತರಕ್ಕೆ ಅದೇ ಹೆಚ್ಚು ನಿಖರ. ಬೇಲಿಗೆ ಆಗದು.

ಬೇಲಿ ಮತ್ತು ಜಾಗದ ಅಳತೆಯಲ್ಲಿ ಜನ ಎಡವುವುದು ಇಳಿಜಾರಿನಲ್ಲಿ. ಕೋನದ ಸೆನ್ಸರ್ ಇರುವ ಯಂತ್ರ ಎರಡು ದೂರ ತೋರಿಸುತ್ತದೆ: ಕಣ್ಣಿನಿಂದ ಗುರಿಗೆ ನೇರ ದೂರ, ಮತ್ತು ಅದನ್ನು ನೆಲಕ್ಕೆ ಮಟ್ಟ ಮಾಡಿದ ದೂರ. 30 ಡಿಗ್ರಿ ಇಳಿಜಾರಿನಲ್ಲಿ ನೇರ ದೂರ 100 ಮೀಟರ್ ಆದರೆ ಮಟ್ಟದ ದೂರ 86.6 ಮೀಟರ್. ಬೇಟೆಗಾರನಿಗೆ ಬೇಕಾದದ್ದು ಎರಡನೆಯದಕ್ಕೆ ಹತ್ತಿರದ ಸಂಖ್ಯೆ, ಗುಂಡು ಬೀಳುವ ಪ್ರಮಾಣ ಅದನ್ನು ಅನುಸರಿಸುವುದರಿಂದ. ಹಾಗಾಗಿ ಬೇಟೆಯ ಮೋಡಿನಲ್ಲಿ ದೊಡ್ಡದಾಗಿ ಕಾಣುವುದು ಅದೇ. ಬೇಲಿಯ ತಂತಿ ಮಾತ್ರ ಗುಡ್ಡೆಯ ಮೈಯ ಮೇಲೆಯೇ ಹೋಗಬೇಕಲ್ಲ! ಅದಕ್ಕೆ ನೇರ ದೂರವನ್ನೇ ತೆಗೆದುಕೊಳ್ಳಿ. ಗಮನಿಸದೆ ಮಟ್ಟದ ದೂರಕ್ಕೆ ತಂತಿ ತಂದರೆ ನೂರು ಮೀಟರಿಗೆ ಹದಿಮೂರು ಮೀಟರ್ ಕಡಿಮೆ ಬೀಳುತ್ತದೆ, ಅದೂ ನಾಲ್ಕೈದು ಸಾಲು ತಂತಿ ಎಂದರೆ ಐವತ್ತು ಮೀಟರ್ ದಾಟುತ್ತದೆ. ಗುಡ್ಡೆ ನಡುವೆ ಉಬ್ಬು ತಗ್ಗು ಇದ್ದರೆ ಒಂದೇ ಏಟಿಗೆ ಅಳೆಯದೆ ಉಬ್ಬಿನ ತಲೆಯಲ್ಲಿ ಒಂದು ನಿಲುಗಡೆ ಮಾಡಿ, ಎರಡು ತುಂಡಾಗಿ ಅಳೆದು ಕೂಡಿಸಿ.

ಸೆಂಟ್ಸು ಲೆಕ್ಕಕ್ಕೆ ಮಟ್ಟದ ದೂರ ಬೇಕು. ಆದರೆ 40 ಮೀಟರ್ ಚೌಕದ ತುಂಡಿನಲ್ಲಿ ಬದಿಗೆ ಒಂದೊಂದು ಮೀಟರ್ ತಪ್ಪಿದರೆ ಎರಡು ಸೆಂಟ್ಸ್ ವ್ಯತ್ಯಾಸ ಬರುತ್ತದೆ. ಗೊಬ್ಬರ ಎಷ್ಟು, ಪೈಪು ಎಷ್ಟು ಎಂಬುದಕ್ಕೆ ಸಾಕು. ನೆರೆಮನೆಯವರ ಜೊತೆಗಿನ ಗಡಿ ತಕರಾರಿಗೆ ಈ ಯಂತ್ರವನ್ನು ಹೊರಗೇ ತೆಗೆಯಬೇಡಿ. ಅದಕ್ಕೆ ಹದ್ದುಬಸ್ತು ಸರ್ವೆಗೆ ಅರ್ಜಿ ಹಾಕಿ.

ಇನ್ನು ದೋಟಿ. ಇಲ್ಲಿ ತಪ್ಪಿದರೆ ನಷ್ಟ ಹೆಚ್ಚು, ಏಕೆಂದರೆ ಕಾರ್ಬನ್ ಫೈಬರ್ ದೋಟಿಗೆ ಯಂತ್ರಕ್ಕಿಂತ ಎಷ್ಟೋ ಪಾಲು ದುಡ್ಡು ಕೊಡುತ್ತೀರಿ.

ಎತ್ತರದ ಮೋಡಿನಲ್ಲಿ ಸಾಮಾನ್ಯವಾಗಿ ಎರಡು ಹೆಜ್ಜೆ: ಮರದ ಬುಡಕ್ಕೆ ಗುರಿಯಿಟ್ಟು ಒಮ್ಮೆ ಒತ್ತುವುದು, ನಂತರ ಮೇಲಿನ ಬಿಂದುವಿಗೆ ಒಮ್ಮೆ. ಯಂತ್ರ ದೂರ ಮತ್ತು ಕೋನಗಳಿಂದ ಎತ್ತರ ತೆಗೆಯುತ್ತದೆ. ಇಲ್ಲಿ ದೂರದ ತಪ್ಪು ಎತ್ತರಕ್ಕೆ ಹೇಗೆ ವರ್ಗ ಆಗುತ್ತದೆ ನೋಡಿ. ಗೊನೆ ನೆಲದಿಂದ 15 ಮೀಟರ್ ಮೇಲಿದೆ, ನಿಮ್ಮ ಕಣ್ಣು 1.5 ಮೀಟರಿನಲ್ಲಿದೆ ಎಂದುಕೊಳ್ಳಿ. ಮರದಿಂದ 8 ಮೀಟರ್ ದೂರ ನಿಂತು ಅಳೆದರೆ, ದೂರದಲ್ಲಿ ಒಂದು ಮೀಟರ್ ತಪ್ಪು ಎತ್ತರದಲ್ಲಿ 1.7 ಮೀಟರ್, ಅಂದರೆ ಐದೂವರೆ ಅಡಿ ಆಗುತ್ತದೆ. 20 ಮೀಟರ್ ದೂರ ನಿಂತರೆ ಅದೇ ತಪ್ಪು 0.7 ಮೀಟರಿಗೆ, ಎರಡೂಕಾಲು ಅಡಿಗೆ ಇಳಿಯುತ್ತದೆ. ಕೋನದ ಅರ್ಧ ಡಿಗ್ರಿ ತಪ್ಪು 20 ಮೀಟರಿನಲ್ಲಿ ಕಾಲು ಮೀಟರ್ ಅಷ್ಟೇ. ಹಾಗಾಗಿ ಮರ ಎಷ್ಟು ಎತ್ತರವೋ ಅಷ್ಟಾದರೂ ದೂರ ನಿಲ್ಲಬೇಕು. ಇನ್ನೂ ಒಳ್ಳೆಯದು, ಬುಡದ ದೂರವನ್ನು ಸಾಧಾರಣ ಟೇಪಿನಲ್ಲಿ ಅಳೆದು, ಯಂತ್ರದಿಂದ ಕೋನವನ್ನು ಮಾತ್ರ ತೆಗೆದುಕೊಳ್ಳುವುದು. ಕೋನದ ಟ್ಯಾನ್ ಬೆಲೆಯನ್ನು ದೂರದಿಂದ ಗುಣಿಸಿ ಕಣ್ಣಿನ ಎತ್ತರ ಕೂಡಿಸಿದರೆ ಆಯಿತು. ಮೊಬೈಲಿನ ಕ್ಯಾಲ್ಕುಲೇಟರಿನ ‘tan’ ಗುಂಡಿ ಸಾಕು.

ತೋಟದ ನಡುವೆ ಇಪ್ಪತ್ತು ಮೀಟರ್ ಹಿಂದೆ ಹೋದರೆ ಗೊನೆಯೇ ಕಾಣುವುದಿಲ್ಲ, ಬೇರೆ ಮರಗಳ ಸೋಗೆ ಅಡ್ಡ. ಆದ್ದರಿಂದ ತೋಡಿನ ಬದಿ, ದಾರಿಯ ಬದಿಯ ಸಾಲುಗಳನ್ನು ಆರಿಸಿ. ನಿಮಗೆ ಗುಡ್ಡೆ ಇರುವುದು ಅನುಕೂಲ: ಗುಡ್ಡೆಯ ಅರ್ಧಕ್ಕೆ ಹತ್ತಿ ನಿಂತರೆ ಕೆಳಗಿನ ಮರಗಳ ಗೊನೆ ಹೆಚ್ಚುಕಡಿಮೆ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಬುಡ ಕೆಳಗೆ ಇರುತ್ತದೆ, ಕೋನದ ತಪ್ಪೂ ಕಡಿಮೆ. ಎರಡು ಹೆಜ್ಜೆಯ ಲೆಕ್ಕ ಮರ ನೆಟ್ಟಗಿದೆ ಎಂದೇ ನಂಬುತ್ತದೆ. ಬೆಳಕು ಹುಡುಕಿಕೊಂಡು ವಾಲಿದ ಮರವನ್ನು ಅದು ವಾಲಿದ ದಿಕ್ಕಿನಿಂದ ನೋಡಿದರೆ ಎತ್ತರ ಹೆಚ್ಚು ಬರುತ್ತದೆ, ಹಿಂದಿನಿಂದ ನೋಡಿದರೆ ಕಡಿಮೆ. ವಾಲಿದ್ದು ಎಡಕ್ಕೋ ಬಲಕ್ಕೋ ಕಾಣುವ ಹಾಗೆ ಪಕ್ಕದಲ್ಲಿ ನಿಲ್ಲಿ. ಇನ್ನೊಂದು: ಗುರಿ ಇಡಬೇಕಾದದ್ದು ಗೊನೆಗೆ, ಸೋಗೆಯ ತುದಿಗಲ್ಲ. ಎರಡರ ನಡುವೆ ಸುಲಭವಾಗಿ ಎರಡು ಮೀಟರ್ ವ್ಯತ್ಯಾಸ ಇರುತ್ತದೆ, ಆ ಎರಡು ಮೀಟರ್ ದೋಟಿಯ ಬೆಲೆಯಲ್ಲಿ ಗೊತ್ತಾಗುತ್ತದೆ.

ಗೊನೆಯ ಎತ್ತರ 15 ಮೀಟರ್ ಬಂದರೆ ದೋಟಿ ಎಷ್ಟು? ಕೈ ಇರುವುದು ನೆಲದಿಂದ 1.4 ಮೀಟರ್ ಮೇಲೆ, ಉಳಿದದ್ದು 13.6. ಮದ್ದು ಬಿಡುವವರು ನೇರ ಬುಡದಲ್ಲಿ ನಿಲ್ಲುವುದಿಲ್ಲ, ಮೂರು ಮೀಟರ್ ಹೊರಗೆ ನಿಂತರೆ ಓರೆಯ ಉದ್ದ 13.9 ಮೀಟರ್, ಅಂದರೆ 46 ಅಡಿ. ಕೈಯ ಕೆಳಗೆ ಹಿಡಿತಕ್ಕೆ ಮೂರು-ನಾಲ್ಕು ಅಡಿ. 50 ಅಡಿಯದ್ದು ಇಂದಿಗೆ ಸರಿಯಾಯಿತು. ಮರ ಬೆಳೆಯುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ 60. ಹಾಗೆಂದು ತೋಟದ ಅತಿ ಎತ್ತರದ ಒಂದೆರಡು ಹಳೆ ಮರಗಳಿಗೋಸ್ಕರ 70 ಅಡಿಯದ್ದು ಕೊಳ್ಳುವುದು ದಡ್ಡತನ. ದೋಟಿ ಉದ್ದವಾದಷ್ಟೂ ತುದಿ ಬಳುಕುತ್ತದೆ, ದಿನವಿಡೀ ಹಿಡಿದವರ ಭುಜ ಸೋಲುತ್ತದೆ. ಹತ್ತು ಹದಿನೈದು ಎತ್ತರದ ಮರಗಳನ್ನು ಅಳೆದು ಪಟ್ಟಿ ಮಾಡಿ. ಮೇಲಿನ ಎರಡು-ಮೂರನ್ನು ಮರ ಹತ್ತುವವರಿಗೆ ಬಿಟ್ಟು ಉಳಿದವಕ್ಕೆ ತಕ್ಕ ಉದ್ದ ಆರಿಸಿ. ನಿಮಗೆ ಬೇಕಾದದ್ದು ದೋಟಿಯ ಉದ್ದ ಒಂದೇ ಆದರೆ, ಯಂತ್ರ ಇಲ್ಲದೆಯೂ ಈ ಕೆಲಸ ಆಗುತ್ತದೆ: ಮೊಬೈಲಿನ ಕೋನ ತೋರಿಸುವ ಆ್ಯಪ್ ಹಿಡಿದು ಸಮತಟ್ಟು ನೆಲದಲ್ಲಿ ಗೊನೆ 45 ಡಿಗ್ರಿಯಲ್ಲಿ ಕಾಣುವವರೆಗೆ ಹಿಂದೆ ಸರಿಯಿರಿ. ನಿಮ್ಮಿಂದ ಬುಡಕ್ಕಿರುವ ದೂರಕ್ಕೆ ಕಣ್ಣಿನ ಎತ್ತರ ಕೂಡಿಸಿದರೆ ಅದೇ ಗೊನೆಯ ಎತ್ತರ.

ಯಂತ್ರ ಕೈಗೆ ಬಂದ ಮೇಲೆ ಮಾಡಲೇಬೇಕಾದ ಇನ್ನೊಂದು ಅಳತೆ ಇದೆ. ಕಾರ್ಬನ್ ಫೈಬರ್ ವಿದ್ಯುತ್ ಹರಿಸುತ್ತದೆ, ಬಿದಿರಿನ ದೋಟಿಯ ಧೈರ್ಯ ಇಲ್ಲಿ ನಡೆಯದು. ತೋಟದ ಪಕ್ಕ ಮೆಸ್ಕಾಂನ ವಿದ್ಯುತ್ ಲೈನು ಹಾದುಹೋಗಿದ್ದರೆ, ಪ್ರತಿ ಸಾಲಿನ ಮರದಿಂದ ಲೈನಿನ ನೇರ ಕೆಳಗಿನ ನೆಲಕ್ಕೆ ಮಟ್ಟದ ದೂರ ಅಳೆಯಿರಿ. ದೋಟಿ ಕೈತಪ್ಪಿ ಪೂರ್ತಿ ಮಲಗಿದರೂ ತಂತಿಗೆ ತಾಗಬಾರದು. ಅಂದರೆ 60 ಅಡಿಯ (18.3 ಮೀಟರ್) ದೋಟಿಗೆ, ಹಿಡಿದವರು ಮರದಿಂದ ಮೂರು ಮೀಟರ್ ಲೈನಿನ ಕಡೆಗೇ ನಿಂತರೂ ತಾಗದ ಹಾಗೆ, ಕಡಿಮೆಯೆಂದರೂ 22 ಮೀಟರ್ ಅಂತರ, ಮೇಲೆ ಯಂತ್ರದ ತಪ್ಪಿಗೆಂದು ಇನ್ನೆರಡು ಮೀಟರ್. ಅದರೊಳಗಿನ ಮರಗಳಿಗೆ ಬಣ್ಣದ ಗುರುತು ಹಾಕಿಬಿಡಿ, ಲೈನು ಆಫ್ ಮಾಡಿಸದೆ ಅಲ್ಲಿ ದೋಟಿ ಎತ್ತಬಾರದು. ತಂತಿಗೇ ಗುರಿಯಿಟ್ಟರೆ ಸಪೂರ ಇರುವುದರಿಂದ ಓದುವುದಿಲ್ಲ, ಹಿಂದಿನ ಗುಡ್ಡೆಯ ದೂರ ಬರುತ್ತದೆ. ಕಂಬದ ಮೇಲಿನ ಅಡ್ಡಪಟ್ಟಿಗೆ ಗುರಿ ಇಡಿ.

ಡಿಸ್‌ಪ್ಲೇ ಬಗ್ಗೆ. ಅಗ್ಗದವುಗಳಲ್ಲಿ ಕಪ್ಪು ಅಂಕಿಯ ಎಲ್‌ಸಿಡಿ ಇರುತ್ತದೆ. ತೆರೆದ ಬಯಲಲ್ಲಿ ಚೆನ್ನಾಗಿ ಕಾಣುತ್ತದೆ, ತೋಟದ ನೆರಳಿನಲ್ಲಿ ಕಪ್ಪು ಕಾಂಡದ ಮೇಲೆ ಕಪ್ಪು ಅಂಕಿ ಮಾಯ. ಕೆಂಪು ಬೆಳಕಿನ ಅಂಕಿ ಇರುವುದು ಸಿಕ್ಕಿದರೆ ಅದಕ್ಕೆ ಒಂದೆರಡು ಸಾವಿರ ಹೆಚ್ಚು ಕೊಡಬಹುದು. ಹಿಗ್ಗಿಸುವಿಕೆ 6 ಪಟ್ಟು ಸಾಕು; ಅದರ ಮೇಲೆ ಹೋದರೆ ಕೈನಡುಕವೂ ಹಿಗ್ಗುತ್ತದೆ. 6×21 ಮತ್ತು 6×24 (ಎರಡನೇ ಅಂಕಿ ಮುಂದಿನ ಲೆನ್ಸಿನ ಅಗಲ, ಮಿ.ಮೀ.ನಲ್ಲಿ) ನಡುವೆ ಆಯ್ಕೆ ಇದ್ದರೆ ಎರಡನೆಯದು ಮಬ್ಬಿನಲ್ಲಿ ಒಳ್ಳೆಯದು: ಕಣ್ಣಿಗೆ ಬರುವ ಬೆಳಕಿನ ವೃತ್ತ 3.5 ಮಿ.ಮೀ. ಬದಲು 4 ಮಿ.ಮೀ.

ಬ್ಯಾಟರಿ: ಹಳೆಯ ಮಾದರಿಗಳಿಗೆ ಸಿಆರ್2 ಎಂಬ 3 ವೋಲ್ಟಿನ ಲಿಥಿಯಂ ಸೆಲ್ ಬೇಕು. ಪೇಟೆಯ ಕ್ಯಾಮೆರಾ ಅಂಗಡಿಯಲ್ಲಿ ಹುಡುಕಬೇಕಾದೀತು, ಊರಿನ ದಿನಸಿ ಅಂಗಡಿಯಲ್ಲಂತೂ ಇಲ್ಲ. ಯುಎಸ್‌ಬಿ ಚಾರ್ಜಿನದ್ದು ಸುಲಭ, ಆದರೆ ಒಳಗಿನ ಸೆಲ್ ಕೆಲವು ವರ್ಷದಲ್ಲಿ ಸೊರಗಿದರೆ ಬದಲಿಸುವುದು ಕಷ್ಟ, ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸಡಿಲವಾದರೆ ನೀರೂ ಅಲ್ಲಿಂದಲೇ. ವರ್ಷಕ್ಕೆ ಕೆಲವೇ ದಿನ ಬಳಸುವ ನಿಮಗೆ ಸಿಆರ್2 ಒಳ್ಳೆಯದು. ಎರಡು ಸೆಲ್ ಹೆಚ್ಚಿಗೆ ತರಿಸಿಟ್ಟುಕೊಳ್ಳಿ.

ಇಲ್ಲಿನ ಯಂತ್ರಗಳನ್ನು ಕೊಲ್ಲುವುದು ಬಳಕೆಗಿಂತ ಹೆಚ್ಚಾಗಿ ಮಳೆಗಾಲದ ಕಪಾಟು. ವರ್ಷಕ್ಕೆ 4,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಊರಿನಲ್ಲಿ ಜೂನ್‌ನಲ್ಲಿ ಬಟ್ಟೆಯ ಚೀಲದೊಳಗೆ ಹಾಕಿಟ್ಟ ಲೆನ್ಸು ಅಕ್ಟೋಬರಿನಲ್ಲಿ ತೆಗೆದಾಗ ಬೂಷ್ಟು ಹಿಡಿದಿರುತ್ತದೆ, ಒಳಬದಿಗೆ ಹಿಡಿದರೆ ರಿಪೇರಿಯೂ ಇಲ್ಲ. ನೀರುತಡೆಯ ದರ್ಜೆ ಐಪಿಎಕ್ಸ್4 ಎಂದರೆ ಎರಚಲು ತಡೆಯುತ್ತದೆ ಅಷ್ಟೇ. ಐಪಿಎಕ್ಸ್7 ಅಥವಾ ಐಪಿ67 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದರೂ ಒಳಗೆ ಹೋಗಬಾರದು. ಜೊತೆಗೆ ಒಳಗೆ ನೈಟ್ರೋಜನ್ ತುಂಬಿದೆ ಎಂದಿದ್ದರೆ ಮಂಜು ಕಟ್ಟುವುದಿಲ್ಲ. ಯಾವುದೇ ಆಗಲಿ, ಮಳೆಗಾಲಕ್ಕೆ ಸೆಲ್ ಹೊರತೆಗೆದು, ಚೀಲ ಇಲ್ಲದೆ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ 100 ಗ್ರಾಮ್ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ ಬಣ್ಣ ಬದಲಾದಾಗ ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಸರಿಯಾಗುತ್ತದೆ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಇರುವುದರಿಂದ ಆ ಬಾಣಲೆ ಮತ್ತೆ ಅಡುಗೆಗೆ ಬೇಡ. ಕೊಳೆರೋಗಕ್ಕೆ ಮದ್ದು ಬಿಡುವ ದಿನ ಯಂತ್ರವನ್ನು ಕುತ್ತಿಗೆಗೆ ಹಾಕಿಕೊಂಡು ತಿರುಗಬೇಡಿ. ಬೋರ್ಡೋ ದ್ರಾವಣದ ಹನಿ ಲೆನ್ಸಿನ ಮೇಲೆ ಒಣಗಿದರೆ ಸುಣ್ಣದ ಹರಳು ನಿಲ್ಲುತ್ತದೆ; ಒಣ ಬಟ್ಟೆಯಲ್ಲಿ ಒರಸಿದರೆ ಗೀರು ಖಂಡಿತ. ಮೊದಲು ನೀರಿನಲ್ಲಿ ತೊಳೆದು ಆಮೇಲೆ ಒರಸಿ.

ಮಳೆ, ಮಂಜಿನಲ್ಲಿ ಅಳೆದರೆ ಐದಾರು ಮೀಟರಿನ ಸಂಖ್ಯೆಯೇ ಮತ್ತೆ ಮತ್ತೆ ಬರುತ್ತದೆ, ಹನಿಗಳೇ ಬೆಳಕನ್ನು ಹಿಂದಕ್ಕೆ ಎಸೆಯುವುದರಿಂದ. ಕಾರಿನ ಗಾಜಿನ ಒಳಗಿನಿಂದ ಅಳೆದರೂ ಇದೇ ಕಥೆ. ಲೇಸರ್ ಕ್ಲಾಸ್ 1 ಎಂದಿದ್ದರೆ ಸಾಮಾನ್ಯ ಬಳಕೆಯಲ್ಲಿ ಕಣ್ಣಿಗೆ ಅಪಾಯ ಇಲ್ಲ. ಆದರೆ ದುರ್ಬೀನಿನಲ್ಲಿ ಸೂರ್ಯನನ್ನು ನೋಡಿದರೆ ಕಣ್ಣೂ ಹೋಗುತ್ತದೆ, ಸೆನ್ಸರೂ ಹೋಗುತ್ತದೆ. ಮರದ ತುದಿಗೆ ಗುರಿ ಇಡುವಾಗ ಸೂರ್ಯ ಬೆನ್ನಿಗಿರಲಿ.

ಹೆಸರು ಹೇಳಿ ಎಂದರೆ: ಬುಶ್ನೆಲ್, ನಿಕಾನ್, ವೋರ್ಟೆಕ್ಸ್, ಲ್ಯೂಪೋಲ್ಡ್‌ಗಳ ಬೇಟೆಯ ಸಾಲಿನ ಕೆಳಹಂತದ ಮಾದರಿಗಳಲ್ಲಿ ಗಾಜು ಮತ್ತು ನೀರುತಡೆ ಚೆನ್ನಾಗಿರುತ್ತದೆ, ಎತ್ತರದ ಮೋಡ್ ಸಾಮಾನ್ಯವಾಗಿ ಇರುವುದಿಲ್ಲ, ಕೋನ ತೋರಿಸಿದರೆ ಲೆಕ್ಕ ನೀವೇ ಹಾಕಬಹುದು. ಅರಣ್ಯ ಅಳತೆಗೆಂದೇ ಬಂದ ನಿಕಾನ್ ಫಾರೆಸ್ಟ್ರಿ ಪ್ರೊ 2ರಲ್ಲಿ ಎತ್ತರ, ಕೋನ ಎಲ್ಲ ಉಂಟು, ಆದರೆ ನಿಮ್ಮ ಬಜೆಟ್ಟಿಗೆ ಎಟಕದು, ಕನಿಷ್ಠ ದೂರವೂ 7.5 ಮೀಟರ್. ಚೀನಾದ ಅಗ್ಗದ ಮಾದರಿಗಳಲ್ಲಿ ಎತ್ತರದ ಮೋಡ್ ಸುಲಭವಾಗಿ ಸಿಗುತ್ತದೆ, ನೀರುತಡೆಯನ್ನು ನಂಬುವುದು ಕಷ್ಟ. 12,000ದೊಳಗೆ ಎರಡೂ ಪೂರ್ತಿ ಸಿಗುವುದಿಲ್ಲ. ನಿಮ್ಮ ಹವೆಗೆ, ಎತ್ತರದ ಮೋಡ್ ಇಲ್ಲದಿದ್ದರೂ ಕೋನ ತೋರಿಸುವ, ಗಟ್ಟಿ ಮೈಯ, ದೂರದ ಗುರಿಗೆ ಆದ್ಯತೆ ಕೊಡುವ ಬೇಟೆಯ ಯಂತ್ರವೇ ಲೇಸು. ಕೋನವನ್ನು ಡಿಗ್ರಿಯಲ್ಲಿ ಪ್ರತ್ಯೇಕ ತೋರಿಸುತ್ತದೆಯೇ ಎಂದು ಖಚಿತ ಮಾಡಿಕೊಳ್ಳಿ, ಕೆಲವು ಸರಿಪಡಿಸಿದ ದೂರವನ್ನಷ್ಟೇ ತೋರಿಸುತ್ತವೆ.

ಪರೀಕ್ಷೆಯನ್ನು ಭಾವ ಅಲ್ಲೇ ಮಾಡಲಿ, ಇಲ್ಲಿಗೆ ಬಂದ ಮೇಲೆ ವಾಪಸು ಕೊಡುವುದು ಆಗದ ಮಾತು. ಮೊದಲು ಸೆಟ್ಟಿಂಗ್‌ನಲ್ಲಿ ಗಜದಿಂದ ಮೀಟರಿಗೆ ಬದಲಿಸಬೇಕು. 100 ಗಜ ಎಂದರೆ 91.4 ಮೀಟರ್, ಇದನ್ನು ಮರೆತು ‘ಯಂತ್ರ ಒಂಬತ್ತು ಮೀಟರ್ ತಪ್ಪು’ ಎಂದು ದೂರುವವರು ಬಹಳ. ನಂತರ ಟೇಪು ಹಿಡಿದು ಬಿಳಿ ಗೋಡೆಯಿಂದ 10, 20, 50 ಮೀಟರಿಗೆ ಗುರುತು ಹಾಕಿ, ಪ್ರತಿಯೊಂದರಿಂದ ಹತ್ತು ಸಲ ಒತ್ತಿ ನೋಡಲಿ. ಎಲ್ಲದರಲ್ಲೂ ಒಂದೇ ಸಮ ಅರ್ಧ ಮೀಟರ್ ಹೆಚ್ಚು ಬಂದರೆ ಅಡ್ಡಿಯಿಲ್ಲ, ಕಳೆದರಾಯಿತು. ಮನಸ್ಸಿಗೆ ಬಂದ ಹಾಗೆ ಎರಡು ಮೀಟರ್ ಕುಣಿದರೆ ವಾಪಸು. ಆಮೇಲೆ 50 ಮೀಟರ್ ಆಚೆಯ ಒಂಟಿ ದೀಪದ ಕಂಬ, ಹಿಂದೆ ಖಾಲಿ ಆಕಾಶ ಇರುವಂಥದ್ದು. ಗುರಿಯನ್ನು ಎಡದಿಂದ ಬಲಕ್ಕೆ, ಆಮೇಲೆ ಬಲದಿಂದ ಎಡಕ್ಕೆ ನಿಧಾನ ಸರಿಸುತ್ತಾ ಯಾವಾಗ ಸಂಖ್ಯೆ ಬರುತ್ತದೆ, ಯಾವಾಗ ಹೋಗುತ್ತದೆ ನೋಡಬೇಕು. ಗುರಿಯ ಗುರುತು ಕಂಬದ ಮೇಲೇ ಇರುವಾಗ ಓದದೆ, ಒಂದು ಬದಿಗೆ ಪೂರ್ತಿ ಸರಿದಾಗ ಮಾತ್ರ ಓದಿದರೆ ಕಿರಣ ಮತ್ತು ಗುರುತು ಒಂದಕ್ಕೊಂದು ಕೂಡಿಲ್ಲ ಎಂದರ್ಥ. ಇದನ್ನು ಮನೆಯಲ್ಲಿ ಸರಿಮಾಡಲು ಆಗದು. ಕೊನೆಗೆ ಒಂದು ಗಿಡದ ಎಲೆಗಳ ನಡುವಿನಿಂದ ಹಿಂದಿನ ಗೋಡೆಯನ್ನು ಅಳೆಯಲಿ, ದೂರದ ಮೋಡಿನಲ್ಲಿ ಒಮ್ಮೆ, ಸಾಧಾರಣ ಮೋಡಿನಲ್ಲಿ ಒಮ್ಮೆ. ಎರಡೂ ಸಲ ಎಲೆಯ ದೂರವೇ ಬಂದರೆ ಅದನ್ನು ಅಲ್ಲೇ ಬಿಟ್ಟು ಬರಲಿ. ಪಾಸಾದರೆ ಲಿಥಿಯಂ ಸೆಲ್‌ಗಳನ್ನು ಕೈಚೀಲದಲ್ಲಿ ಹಾಕಿ, ಬಿಲ್ಲನ್ನು ಪಾಸ್‌ಪೋರ್ಟ್ ಜೊತೆ ಇಟ್ಟುಕೊಂಡು ಬರಲು ಹೇಳಿ.